ಬಂಕಿಗೆ ಕೊಡುತ್ತಿದ್ದುದನ್ನು ಬ್ಯಾಂಕಿಗೆ ಕೊಡಬೇಡಿ

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದವನು. ಹರಿಹರದಲ್ಲಿ ಅಂಗಡಿ ಇದೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ, 2018ರ ಮಾದರಿಯ ಏಳು ಆಸನದ, 2.2 ಲೀಟರ್ ಎಂಜಿನ್ನಿನ ಡೀಸೆಲ್ ಎಸ್‌ಯುವಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಲೀಟರಿಗೆ 11 ಕಿ.ಮೀ. ಕೊಡುತ್ತದೆ. ದಿನವೂ ನಾನೊಬ್ಬನೇ ಅಂಗಡಿಗೆ ಹೋಗಿಬರುತ್ತೇನೆ. ತಿಂಗಳಿಗೆ ಎರಡು ಸಲ ಚನ್ನಗಿರಿ ಕಡೆಯ ತೋಟ, ಆಗಾಗ ಬೆಂಗಳೂರು, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಧರ್ಮಸ್ಥಳ. ಡೀಸೆಲ್‌ಗೆ ತಿಂಗಳಿಗೆ ಹತ್ತು ಸಾವಿರ ಮೀರುತ್ತಿದೆ, ಆನೆ ಸಾಕಿದಂತಾಗಿದೆ. ಇದನ್ನು ಮಾರಿ, ಸಾಲ ಮಾಡಿಯಾದರೂ ಹೊಸ ಚಿಕ್ಕ ಎಸ್‌ಯುವಿ ತೆಗೆದುಕೊಳ್ಳೋಣ ಎನ್ನುತ್ತಾನೆ ಮಗ. ಗೆಳೆಯರು ಸಿಎನ್‌ಜಿ ಎನ್ನುತ್ತಾರೆ, ಮಗಳು ಎಲೆಕ್ಟ್ರಿಕ್ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಮೊದಲು ಮಗನ ಸಲಹೆಯನ್ನು ನೋಡೋಣ. ನನಗೆ ಹೆಚ್ಚು ಭಯ ಅದರದ್ದೇ. ನೀವು ಕೊಟ್ಟ ವಿವರದಿಂದ ವರ್ಷಕ್ಕೆ ಸುಮಾರು 15,000 ಕಿ.ಮೀ. ಓಡಿಸುತ್ತೀರಿ ಎಂದು ಅಂದಾಜಾಗುತ್ತದೆ. ಲೆಕ್ಕಕ್ಕೆ ಡೀಸೆಲ್ ಲೀಟರಿಗೆ ₹91, ಪೆಟ್ರೋಲ್ ₹103 ಎಂದು ಹಿಡಿಯುತ್ತೇನೆ. ನೀವು ಓದುವ ದಿನದ ಬೆಲೆ ಹಾಕಿ ತಿದ್ದಿಕೊಳ್ಳಿ. ಈಗಿನ ಗಾಡಿಗೆ ವರ್ಷಕ್ಕೆ 1,364 ಲೀಟರ್, ಅಂದರೆ ₹1,24,000. ಮಗ ಹೇಳುವ ಚಿಕ್ಕ ಎಸ್‌ಯುವಿಗಳಲ್ಲಿ ಹೆಚ್ಚಿನವು ಟರ್ಬೊ ಪೆಟ್ರೋಲ್ ಎಂಜಿನ್ನಿನವು. ಊರೊಳಗೆ, ಎ.ಸಿ. ಹಾಕಿಕೊಂಡು, ನಮ್ಮ ರಸ್ತೆಯ ಉಬ್ಬುಗಳ ಮೇಲೆ ಓಡಿಸಿದರೆ ಲೀಟರಿಗೆ 13 ಕಿ.ಮೀ. ಸಿಕ್ಕರೆ ಪುಣ್ಯ. ಆಗ ಬೇಕಾಗುವುದು 1,154 ಲೀಟರ್ ಪೆಟ್ರೋಲ್, ₹1,19,000. ಉಳಿತಾಯ ವರ್ಷಕ್ಕೆ ಐದು ಸಾವಿರ. ಅದಕ್ಕಾಗಿ ಐದು ಲಕ್ಷ ಸಾಲ ಮಾಡಿದಿರಿ ಎನ್ನಿ. ಶೇ 9.5ರ ಬಡ್ಡಿ, ಐದು ವರ್ಷದ ಅವಧಿ ಎಂದರೆ ತಿಂಗಳ ಕಂತು ₹10,500, ಮೊದಲ ವರ್ಷದ ಬಡ್ಡಿಯೇ ಸುಮಾರು ₹44,000. ಯಾವ ಡೀಸೆಲ್ ಬಿಲ್ಲಿಗೆ ಹೆದರಿ ಗಾಡಿ ಮಾರಲು ಹೊರಟಿರೋ ಅದೇ ಮೊತ್ತದ ಕಂತು, ಪೆಟ್ರೋಲ್ ಖರ್ಚಿನ ಮೇಲೆ ಇನ್ನೊಂದು ಹೊರೆಯಾಗಿ ಬಂದು ಕೂರುತ್ತದೆ.

ಇಂಧನದ ಬೆಲೆ ಏರಿದಾಗಲೆಲ್ಲ ನಮ್ಮ ಜನ ಮಾಡುತ್ತಿರುವುದು ಇದನ್ನೇ. ದೊಡ್ಡ ಗಾಡಿ ಬಿಟ್ಟೆವು ಎಂಬ ಸಮಾಧಾನ, ಆದರೆ ಕೊಂಡದ್ದು ಎತ್ತರದ, ಅಗಲದ, ಭಾರದ ಮತ್ತೊಂದು ಗಾಡಿ. ದೇಶದಲ್ಲಿ ಈಗ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಸ್‌ಯುವಿ ಮತ್ತು ಎಂಯುವಿಗಳೇ. ಪೆಟ್ರೋಲ್ ನೂರು ದಾಟಿದ ಮೇಲೂ ಹೀಗೆ. ಕಂಪನಿಗಳು ಹ್ಯಾಚ್‌ಬ್ಯಾಕಿನ, ಅಂದರೆ ಡಿಕ್ಕಿ ಹೊರಚಾಚದ ಚಿಕ್ಕ ಕಾರಿನ, ಚಾಸಿಯ ಮೇಲೆಯೇ ಎತ್ತರದ ದೇಹ ಕೂರಿಸಿ ಎಸ್‌ಯುವಿ ಎಂದು ಮಾರುತ್ತವೆ. ಕೊಳ್ಳುವವರು ಎತ್ತರಕ್ಕೆ ದುಡ್ಡು ಕೊಡುತ್ತಾರೆ, ಆಮೇಲೆ ಆ ಎತ್ತರವನ್ನು ಗಾಳಿಯಲ್ಲಿ ತಳ್ಳಲು ಪೆಟ್ರೋಲ್ ಸುರಿಯುತ್ತಾರೆ.

ಹಾಗಾದರೆ ನಿಜವಾದ ಚಿಕ್ಕ ಕಾರು? 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನಿಮ್ಮ ಓಡಾಟದಲ್ಲಿ 17 ಕಿ.ಮೀ. ಕೊಟ್ಟೀತು. ಜಾಹೀರಾತಿನಲ್ಲಿ ಇಪ್ಪತ್ತರ ಮೇಲಿನ ಅಂಕಿ ಇರುತ್ತದೆ. ಅದು ಪ್ರಯೋಗಾಲಯದ ರೋಲರ್ ಮೇಲೆ, ಗೊತ್ತುಮಾಡಿದ ವೇಗದಲ್ಲಿ ಅಳೆದದ್ದು. ಅಲ್ಲಿ ಎದುರುಗಾಳಿ ಇಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಜೊತೆಗೆ ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿನದರ ಸುಮಾರು ಮೂರನೇ ಎರಡು ಭಾಗ ಮಾತ್ರ, ಆದ್ದರಿಂದ ಮೈಲೇಜಿನಲ್ಲಿ ಒಂದಿಷ್ಟು ಅಲ್ಲಿಯೇ ಸೋರಿಹೋಗುತ್ತದೆ. 17 ಎಂದೇ ಹಿಡಿದರೆ ವರ್ಷಕ್ಕೆ ₹91,000. ಉಳಿತಾಯ ₹33,000. ವಿಮೆಯಲ್ಲಿಯೂ ಸ್ವಲ್ಪ ಸಿಗುತ್ತದೆ: ಕಡ್ಡಾಯ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರ 1,500 ಸಿಸಿ ಮೀರಿದ ಕಾರಿಗೆ ₹7,897, ಅದರೊಳಗಿನ 1,000 ಸಿಸಿ ಮೇಲ್ಪಟ್ಟವಕ್ಕೆ ₹3,416. ಟೈರ್, ಸರ್ವಿಸ್ ಸೇರಿಸಿದರೆ ಒಟ್ಟು ಲಾಭ ನಲವತ್ತೈದು ಸಾವಿರದ ಹತ್ತಿರ ಬರಬಹುದು. ನಿಮ್ಮ ಬೆಂಗಳೂರು ದಾರಿಯ ಹೆಬ್ಬಾಳು ಟೋಲಿನಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಯದು, ಅಲ್ಲಿ ಕಾರು, ಜೀಪು ಎಲ್ಲಕ್ಕೂ ಒಂದೇ ದರ.

ಗಾತ್ರ ಅರ್ಧವಾದರೂ ಖರ್ಚು ಅರ್ಧವಾಗಲಿಲ್ಲವಲ್ಲ ಎಂದು ನಿಮಗನ್ನಿಸಬಹುದು. ಲೀಟರ್ ಡೀಸೆಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು, ಬೆಲೆ ಹನ್ನೆರಡು ರೂಪಾಯಿ ಕಡಿಮೆ. ಈ ಎರಡೂ ಸೇರಿ ನಿಮ್ಮ ಭಾರದ ಗಾಡಿಯನ್ನು ಕಾಯುತ್ತಿವೆ. ಆದರೆ ಈ ಅಂತರವನ್ನು ನಂಬಿ ಕೂರಬೇಡಿ. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟು ಡೀಸೆಲನ್ನು ಹಿಡಿದಿಟ್ಟುಕೊಂಡಾಗ ಎರಡರ ನಡುವೆ ಇಪ್ಪತ್ತೈದು ರೂಪಾಯಿಗೂ ಹೆಚ್ಚು ಅಂತರ ಬೆಳೆದಿತ್ತು. ದಿನಕ್ಕೆ ಹತ್ತು ಕಿ.ಮೀ. ಓಡಿಸುವವರೂ ಲಕ್ಷ ರೂಪಾಯಿ ಹೆಚ್ಚು ಕೊಟ್ಟು ಡೀಸೆಲ್ ಕಾರಿಗೆ ಕ್ಯೂ ನಿಂತರು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಡೀಸೆಲ್ ಏರುತ್ತಾ ಹೋಯಿತು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. ಅಂತರ ಕರಗಿತು, ಕಾರಿನ ಕಂತು ಉಳಿಯಿತು. ನಮ್ಮ ರಾಜ್ಯದಲ್ಲಿಯೇ ಡೀಸೆಲ್ ಮೇಲಿನ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 18.4ರಿಂದ 21.17ಕ್ಕೆ ಏರಿತು. ಬಂಕಿನ ಫಲಕದ ಮೇಲಿನ ಅಂಕಿ ನೋಡಿ ಹತ್ತು ವರ್ಷ ಇಟ್ಟುಕೊಳ್ಳುವ ಗಾಡಿಯನ್ನು ತೀರ್ಮಾನಿಸಬಾರದು.

ಇಂಧನದ ಬೆಲೆ ನೋಡಿ ಗಾಡಿ ಬದಲಿಸುವ ಈ ಓಟದ ಹಳೆಯ ಕಥೆ ಅಮೆರಿಕದ್ದು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆಹಿಡಿದಾಗ ಪೀಪಾಯಿಗೆ ಮೂರು ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು. ಹಡಗಿನಂಥ ಡೆಟ್ರಾಯ್ಟ್ ಕಾರುಗಳನ್ನು ಬಿಟ್ಟು ಜನ ಜಪಾನಿನ ಚಿಕ್ಕ ಕಾರುಗಳ ಕಡೆ ತಿರುಗಿದರು. 1975ರಲ್ಲಿ ಕಾರುಗಳ ಸರಾಸರಿ ಮೈಲೇಜಿಗೆ ಕಾನೂನೇ ಬಂತು. 1986ರಲ್ಲಿ ತೈಲ ಅಗ್ಗವಾಯಿತು. ಆ ಕಾನೂನಿನಲ್ಲಿ ಟ್ರಕ್ ವರ್ಗಕ್ಕೆ ಇದ್ದ ಸಡಿಲ ನಿಯಮದ ಸಂದಿಯಿಂದಲೇ ಎಸ್‌ಯುವಿಗಳು ಬೆಳೆದು ನಿಂತವು. 2008ರ ಜುಲೈನಲ್ಲಿ ಕಚ್ಚಾ ತೈಲ 147 ಡಾಲರ್ ಮುಟ್ಟಿದಾಗ ಮತ್ತೆ ಅದೇ ಓಟ. ಆ ವರ್ಷದ ಮೇ ತಿಂಗಳಲ್ಲಿ ಹೋಂಡಾ ಸಿವಿಕ್ ಮಾರಾಟದಲ್ಲಿ ಫೋರ್ಡಿನ ಎಫ್ ಸರಣಿಯ ಪಿಕಪ್ಪನ್ನು ಹಿಂದಿಕ್ಕಿತು; ದೈತ್ಯ ಎಸ್‌ಯುವಿ ಹಮ್ಮರ್ 2010ರಲ್ಲಿ ನಿಂತೇಹೋಯಿತು. ನಿಮಗೆ ಇದರಲ್ಲಿ ಬೇಕಾದ ಸಂಗತಿ ಒಂದೇ: ಎಲ್ಲರೂ ಒಟ್ಟಿಗೆ ಮಾರಲು ನಿಂತದ್ದರಿಂದ ಹಳೆಯ ದೊಡ್ಡ ಗಾಡಿಗಳ ಬೆಲೆ ನೆಲಕಚ್ಚಿತು, ಅವಸರದಲ್ಲಿ ಮಾರಿದವರು ಪೆಟ್ರೋಲಿನಲ್ಲಿ ಉಳಿಸಬೇಕೆಂದಿದ್ದ ಹಣವನ್ನು ಮಾರಾಟದಲ್ಲಿಯೇ ಕಳೆದುಕೊಂಡರು. ಬೆಲೆ ಏರಿದ ವಾರವೇ ಗಾಡಿಯನ್ನು ಬ್ರೋಕರ್ ಬಳಿ ಒಯ್ಯಬೇಡಿ. ಮಳೆ ಚೆನ್ನಾಗಿ ಬಿದ್ದು, ಅಡಿಕೆ ಕೊಯ್ಲಿನ ದುಡ್ಡು ಕೈಸೇರುವ ಹೊತ್ತಿಗೆ ಚನ್ನಗಿರಿ, ಹೊಳಲ್ಕೆರೆ ಕಡೆಯವರು ಏಳು ಸೀಟಿನ ಡೀಸೆಲ್ ಗಾಡಿಯನ್ನು ಹುಡುಕಿಕೊಂಡು ಬರುತ್ತಾರೆ.

ಹಾಗೆಂದು 11 ಕಿ.ಮೀ.ಗೆ ಒಪ್ಪಿಕೊಂಡು ಕೂರಿ ಎನ್ನುತ್ತಿಲ್ಲ. ಮೈಲೇಜನ್ನು ಲೀಟರಿಗೆ ಎಷ್ಟು ಕಿ.ಮೀ. ಎಂದು ನೋಡುವುದರಲ್ಲಿ ಒಂದು ಮೋಸವಿದೆ, ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ನೋಡಿದರೆ ಅದು ಬಯಲಾಗುತ್ತದೆ. 20 ಕೊಡುವ ಕಾರು 25 ಕೊಡುವಂತಾದರೆ ನೂರು ಕಿ.ಮೀ.ಗೆ ಉಳಿಯುವುದು ಒಂದು ಲೀಟರ್. ನಿಮ್ಮ 11ರ ಗಾಡಿ 13ಕ್ಕೆ ಬಂದರೆ ಉಳಿಯುವುದು 1.4 ಲೀಟರ್. ಕೆಟ್ಟ ಮೈಲೇಜಿನ ಗಾಡಿಯಲ್ಲಿ ಎರಡು ಕಿ.ಮೀ. ಸುಧಾರಣೆಗೆ ಒಳ್ಳೆಯ ಮೈಲೇಜಿನ ಗಾಡಿಯ ಐದು ಕಿ.ಮೀ.ಗಿಂತ ಹೆಚ್ಚಿನ ಬೆಲೆ ಇದೆ. ನಿಮ್ಮ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು ₹19,000. ಹ್ಯಾಚ್‌ಬ್ಯಾಕ್ ಕೊಂಡು ಡೀಸೆಲ್–ಪೆಟ್ರೋಲ್ ಲೆಕ್ಕದಲ್ಲಿ ಉಳಿಸುವುದರ ಅರ್ಧಕ್ಕಿಂತ ಹೆಚ್ಚು, ಅದೂ ಹೊಸ ಗಾಡಿಯ ಖರ್ಚಿಲ್ಲದೆ.

ಎರಡು ಕಿ.ಮೀ. ಎಲ್ಲಿಂದ ಬರುತ್ತದೆ? ಮೊದಲು ನಿಮ್ಮ 11 ನಿಜವೇ ಎಂದು ನೋಡಿ. ಡ್ಯಾಶ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ಮಾಲೀಕನನ್ನು ಸಂತೋಷಪಡಿಸುವ ಕಡೆಗೇ ವಾಲಿರುತ್ತದೆ. ಒಂದು ಬಂಕಿನಲ್ಲಿ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ನಾನೂರು ಕಿ.ಮೀ. ಓಡಿಸಿ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಹುಡುಗ ರೌಂಡ್ ಫಿಗರ್ ಮಾಡಲು ಕುಕ್ಕಿ ಕುಕ್ಕಿ ಹಾಕಲು ಬಿಡಬೇಡಿ, ಲೆಕ್ಕ ಕೆಡುತ್ತದೆ.

ಆಮೇಲೆ ಚಾಲಕನ ಬಾಗಿಲು ತೆರೆದು ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುವ ಚೀಟಿ ಓದಿ. ಟೈರಿನ ಗಾಳಿ ಎಷ್ಟಿರಬೇಕೆಂದು ಅಲ್ಲಿ ಬರೆದಿದೆ, ಜನ ಕಡಿಮೆ ಇದ್ದಾಗ ಒಂದು, ತುಂಬಿದಾಗ ಇನ್ನೊಂದು. ಗ್ಯಾರೇಜಿಗೆ ಮೈಲೇಜ್ ದೂರು ಹೊತ್ತು ಬರುವ ದೊಡ್ಡ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. 33 ಇರಬೇಕಾದಲ್ಲಿ 25 ಇರುವುದು ವಿಶೇಷವೇನಲ್ಲ, ಗಾಡಿ ಮೆತ್ತಗೆ ಓಡಲಿ ಎಂದು ಕೆಲವರು ಬೇಕೆಂದೇ ಇಳಿಸಿರುತ್ತಾರೆ. ಮೇಲೆ ಕ್ಯಾರಿಯರ್, ಅದರ ಮೇಲೆ ಏನೂ ಇಲ್ಲ. ಹಿಂದಿನ ಸೀಟಿನ ಕೆಳಗೆ ಕಳೆದ ಹಂಗಾಮಿನ ಗೊಬ್ಬರದ ಚೀಲ, ಸ್ಪ್ರೇಯರ್, ಒಂದು ಕಬ್ಬಿಣದ ಗುದ್ದಲಿ. ಇವನ್ನೆಲ್ಲ ಇಳಿಸಿ.

ಹರಿಹರದಿಂದ ಬಂದು ನಿಲ್ಲಿಸಿದಾಗ, ಕೊನೆಯ ಒಂದು ಕಿ.ಮೀ. ಬ್ರೇಕನ್ನು ಜೋರಾಗಿ ಒತ್ತದೆ ಬಂದು, ನಾಲ್ಕೂ ಚಕ್ರದ ರಿಮ್ಮಿನ ಹತ್ತಿರ ಕೈ ಒಡ್ಡಿ ನೋಡಿ. ಮುಟ್ಟುವುದು ಬೇಡ. ಒಂದು ಚಕ್ರ ಉಳಿದವಕ್ಕಿಂತ ಬಿಸಿ ಹೊಡೆದರೆ ಅಲ್ಲಿ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ಹಿಡಿದುಕೊಂಡಿದೆ, ನೀವು ಬ್ರೇಕ್ ಹಾಕಿಕೊಂಡೇ ಓಡಿಸುತ್ತಿದ್ದೀರಿ. ಇನ್ನೊಂದು, ಯಾರೂ ನೋಡದ ಜಾಗ: ಹತ್ತು ಕಿ.ಮೀ. ಓಡಿದ ಮೇಲೂ ಎಂಜಿನ್ ಉಷ್ಣತೆಯ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ನಿನ ಉಷ್ಣತೆಯನ್ನು ಹದದಲ್ಲಿಡುವ ಕವಾಟ, ಕೆಟ್ಟಿದೆ ಅಥವಾ ಇಲ್ಲವೇ ಇಲ್ಲ. ಬಿಸಿಯೂರಿನಲ್ಲಿ ಎಂಜಿನ್ ಕಾಯಬಾರದು ಎಂದು ಅದನ್ನು ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದು ಇದ್ದೇ ಇರುವ ಅನುಮಾನ. ತಣ್ಣನೆಯ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕಪ್ಪು ಹೊಗೆ ಬರುತ್ತಿದ್ದರೆ ಏರ್ ಫಿಲ್ಟರ್ ಮತ್ತು ಇಂಜೆಕ್ಟರ್ ನೋಡಿಸಿ. ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಇವುಗಳ ಬಗ್ಗೆ ಕೇಳಲೇಬೇಡಿ.

ಉಳಿದದ್ದು ಬಲಗಾಲಿನಲ್ಲಿದೆ. ಗಂಟೆಗೆ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ, ಏಕೆಂದರೆ ಅದು ವೇಗದ ವರ್ಗದಂತೆ ಬೆಳೆಯುತ್ತದೆ. ನಿಮ್ಮ ಗಾಡಿಯ ಚೌಕಾಕಾರದ ಮುಖ ಚಿಕ್ಕ ಕಾರಿಗಿಂತ ಬಹಳಷ್ಟು ಹೆಚ್ಚು ಗಾಳಿಯನ್ನು ಬಗೆಯಬೇಕು. ಬೆಂಗಳೂರಿನಿಂದ ಬರುವಾಗ ಚಿತ್ರದುರ್ಗದ ಬೆಟ್ಟಸಾಲಿನ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಆ ಯಂತ್ರಗಳನ್ನು ಅಲ್ಲಿ ನೆಟ್ಟಿದ್ದೇ ಮುಂಗಾರಿನ ಪಶ್ಚಿಮದ ಗಾಳಿ ಅಲ್ಲಿ ಬಿಡದೆ ಬೀಸುತ್ತದೆ ಎಂದು. ಆಷಾಢದಲ್ಲಿ ಹಿರಿಯೂರು ದಾಟಿ ವಾಯವ್ಯಕ್ಕೆ ತಿರುಗಿ ದಾವಣಗೆರೆಯತ್ತ ಬರುವವರು ಆ ಗಾಳಿಗೆ ಓರೆಯಾಗಿ ಎದುರಾಗಿಯೇ ಓಡಿಸಬೇಕು. ಸ್ಪೀಡೋಮೀಟರ್ 100 ತೋರಿಸಿದರೂ ಗಾಡಿಗೆ ತಟ್ಟುವುದು ಅದಕ್ಕಿಂತ ಹೆಚ್ಚಿನ ವೇಗದ ಗಾಳಿ. ಆ ತಿಂಗಳುಗಳಲ್ಲಿ 80ಕ್ಕೆ ಇಳಿಸಿ ನೋಡಿ, ಊರು ತಲುಪುವುದು ಹತ್ತು ಹದಿನೈದು ನಿಮಿಷ ತಡವಾದೀತು ಅಷ್ಟೇ. ಊರೊಳಗೆ ಲೆಕ್ಕ ಬೇರೆ. ಅಲ್ಲಿ ತೂಕವೇ ಶತ್ರು: ಎರಡು ಟನ್ ಹತ್ತಿರದ ಗಾಡಿಗೆ ಪ್ರತಿ ಸಲ ವೇಗ ಕೊಟ್ಟು, ಪಿ.ಬಿ. ರಸ್ತೆಯ ಮುಂದಿನ ಸಿಗ್ನಲ್‌ನಲ್ಲಿ ಅದನ್ನೆಲ್ಲ ಬ್ರೇಕಿನ ಬಿಸಿಯಾಗಿ ಬಿಸಾಡುತ್ತೀರಿ. ಒಳಗಿರುವುದು ಎಪ್ಪತ್ತು ಕೆ.ಜಿ.ಯ ಒಬ್ಬ ಮನುಷ್ಯ. ಇದಕ್ಕೆ ಗ್ಯಾರೇಜಿನಲ್ಲಿ ರಿಪೇರಿ ಇಲ್ಲ.

ಆದ್ದರಿಂದ ನಿಮ್ಮ ಸಮಸ್ಯೆಯ ಬೇರು ಹರಿಹರದ ಓಡಾಟ. ತಿಂಗಳ 1,250 ಕಿ.ಮೀ.ಯಲ್ಲಿ ಎಂಟುನೂರಕ್ಕೂ ಹೆಚ್ಚು ಅದರದ್ದೇ. ದೊಡ್ಡದನ್ನು ಇಟ್ಟುಕೊಂಡು ದಿನದ ಓಡಾಟಕ್ಕೆ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಳ್ಳುವ ಯೋಚನೆ ಹಲವರಿಗೆ ಬರುತ್ತದೆ, ಬೇಡ. ಕಿ.ಮೀ.ಗೆ ಉಳಿಯುವುದು ಎರಡು ರೂಪಾಯಿ ಚಿಲ್ಲರೆ, ಅದನ್ನು ಎರಡನೇ ವಿಮೆ, ಎರಡನೇ ಸರ್ವಿಸ್ ನುಂಗಿಹಾಕುತ್ತವೆ. ದಾವಣಗೆರೆ–ಹರಿಹರದ ನಡುವೆ ಬಸ್ಸಿಗೆ ಬರವಿಲ್ಲ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋದರೂ ಗಾಡಿ ಮಾರದೆಯೇ ಡೀಸೆಲ್ ಬಿಲ್ಲಿನ ಮೂರನೇ ಒಂದು ಭಾಗ ಇಳಿಯುತ್ತದೆ. ಅಂಗಡಿಯ ಯಜಮಾನ ಬಸ್ಸಿನಲ್ಲಿ ಬಂದರೆ ಜನ ಏನೆನ್ನುತ್ತಾರೆ ಎಂಬುದು ನನ್ನ ವಿಷಯವಲ್ಲ, ಆದರೆ ನಮ್ಮ ಕಡೆ ಗಾಡಿಯ ಗಾತ್ರವನ್ನು ಅರ್ಧ ತೀರ್ಮಾನಿಸುವುದೇ ಆ ಮಾತು.

ಬಸ್ಸು ಆಗದು ಎಂದಾದರೆ ನಿಮ್ಮ ಮಗಳ ಮಾತಿನಲ್ಲಿ ಹುರುಳಿದೆ. ದಿನಕ್ಕೆ ಮೂವತ್ತು ಚಿಲ್ಲರೆ ಕಿ.ಮೀ., ಗೊತ್ತಿರುವ ದಾರಿ, ರಾತ್ರಿ ಮನೆಯಲ್ಲಿ ನಿಲ್ಲುವ ಗಾಡಿ: ಚಿಕ್ಕ ಎಲೆಕ್ಟ್ರಿಕ್ ಕಾರಿಗೆ ಹೇಳಿ ಮಾಡಿಸಿದ ಬಳಕೆ. ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ ಕಿ.ಮೀ.ಗೆ 0.15 ಯೂನಿಟ್ ಹಿಡಿಯಿರಿ, ಯೂನಿಟ್ಟಿಗೆ ಆರು ರೂಪಾಯಿ ಎಂದರೆ ಕಿ.ಮೀ.ಗೆ 90 ಪೈಸೆ. ಈಗ ನಿಮಗೆ ಬೀಳುತ್ತಿರುವುದು ₹8.27. ಇಲ್ಲಿ ಶೋರೂಮಿನವರು ಹೇಳದ ಒಂದು ಮಾತಿದೆ. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದರೆ, ಕಾರು ತಿಂಗಳಿಗೆ ಎಳೆಯುವ ಸುಮಾರು 190 ಯೂನಿಟ್ ಸೇರಿದ ಮೇಲೆ ಬಳಕೆ 200 ದಾಟುವುದು ಖಚಿತ. ಆಗ ಬೆಸ್ಕಾಂ ಪೂರ್ತಿ ಬಿಲ್ ಕೊಡುತ್ತದೆ, ಇದುವರೆಗೆ ಉಚಿತವಾಗಿದ್ದ ಮನೆಯ ಯೂನಿಟ್ಟಿಗೂ ಸೇರಿಸಿ. ಎಲ್ಲ ಸೇರಿ ತಿಂಗಳಿಗೆ ಎರಡರಿಂದ ಎರಡೂವರೆ ಸಾವಿರ ಎಂದಿಟ್ಟುಕೊಳ್ಳಿ. ಆದರೂ ಹತ್ತು ಸಾವಿರದ ಮುಂದೆ ಅದು ಬಹಳ ಕಡಿಮೆ. ಸ್ವಂತ ನಿಲುಗಡೆ ಜಾಗ, ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರ್ ಪಾಯಿಂಟ್ ಇಲ್ಲದಿದ್ದರೆ ಈ ದಾರಿ ಬಿಡಿ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆಯೇ ಎಂದು ಕಾಗದದಲ್ಲಿ ನೋಡಿ. ಚನ್ನಗಿರಿಗೆ ಹೋಗಿಬರುವುದು ಒಂದೇ ಚಾರ್ಜಿನಲ್ಲಿ ಆಗುತ್ತದೆ. ಬೆಂಗಳೂರಿಗೆ, ಒಬ್ಬರೇ ಇಬ್ಬರೇ ಆದರೆ, ರೈಲಿಗಿಂತ ಒಳ್ಳೆಯದು ಯಾವ ಕಾರೂ ಇಲ್ಲ. 2023ರಿಂದ ಧಾರವಾಡದ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ.

ಸಿಎನ್‌ಜಿ ಕೆಟ್ಟದ್ದಲ್ಲ. ಒಂದು ಕೆ.ಜಿ. ಅನಿಲ ಒಂದು ಲೀಟರ್ ಪೆಟ್ರೋಲಿಗಿಂತ ಒಂದೂವರೆ ಪಟ್ಟಿನ ಹತ್ತಿರ ಓಡಿಸುತ್ತದೆ. ಆದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂರುತ್ತದೆ, ತೋಟದಿಂದ ಏನನ್ನೂ ತರಲಾಗದು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಒತ್ತಡ ಪರೀಕ್ಷೆ ಆಗಲೇಬೇಕು. ಮನೆಯಲ್ಲಿ ಚಾರ್ಜಿಂಗ್ ಸೌಕರ್ಯವಿಲ್ಲದವರಿಗೆ ಅದನ್ನು ಹೇಳುತ್ತೇನೆ. ಹೊಸ ಡೀಸೆಲ್ ಕಾರು ಮಾತ್ರ ನಿಮಗೆ ಖಂಡಿತ ಬೇಡ: 2020ರ ಏಪ್ರಿಲ್ ನಂತರದ, ಬಿಎಸ್‌6 ಹೊಗೆ ನಿಯಮದ ಡೀಸೆಲ್‌ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಊರೊಳಗಿನ ಚಿಕ್ಕ ಓಟದಲ್ಲಿ ಅದು ಸುಟ್ಟು ಶುದ್ಧವಾಗದೆ ಕಟ್ಟಿಕೊಳ್ಳುತ್ತದೆ.

ನನ್ನ ಸಲಹೆ ಹೀಗೆ. ಎರಡು ತಿಂಗಳು ಗಾಡಿಯನ್ನು ಮೇಲೆ ಹೇಳಿದಂತೆ ಸರಿಮಾಡಿಸಿ ಓಡಿಸಿ, 13 ಮುಟ್ಟುತ್ತದೆಯೇ ನೋಡಿ. ಸರಿಯಾದ ಗಾಡಿಗೆ ಮಾರುವಾಗಲೂ ಹೆಚ್ಚು ಬೆಲೆ. ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯುಸ್ಸು ಎಂದು ಹೆದರಿಸಿ ಬೆಲೆ ಇಳಿಸುವ ಬ್ರೋಕರ್‌ಗಳಿಗೆ ಕಿವಿಗೊಡಬೇಡಿ. ಹತ್ತು ವರ್ಷದ ಆ ಮಾತು ದೆಹಲಿ ಸುತ್ತಲಿನ ಪ್ರದೇಶದ್ದು, ಕರ್ನಾಟಕದ್ದಲ್ಲ. ಮಾರಿದ ಹಣದಲ್ಲಿ, ಅದಕ್ಕೆ ಲಕ್ಷ ಒಂದೂವರೆ ಲಕ್ಷ ಕೈಯಿಂದ ಸೇರಿಸಿ, ಸಾಲವಿಲ್ಲದೆ ಚಿಕ್ಕ ಎಲೆಕ್ಟ್ರಿಕ್ ಅಥವಾ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಬರುವಂತಿದ್ದರೆ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ, ದೊಡ್ಡವಕ್ಕೆ ಶೇ 40. ಧರ್ಮಸ್ಥಳಕ್ಕೆ ವರ್ಷಕ್ಕೊಮ್ಮೆ ಬಾಡಿಗೆ ಗಾಡಿ ಮಾಡಿ. ಸಾಲವಿಲ್ಲದೆ ಆಗದು ಎಂದಾದರೆ ಈಗಿರುವುದನ್ನೇ ಇಟ್ಟುಕೊಂಡು ಬಸ್ ಹತ್ತಿ. ಮಗನಿಗೆ ಈ ಲೆಕ್ಕದ ಹಾಳೆ ತೋರಿಸಿ.

ಮಾರುವ ದಿನಕ್ಕೆ ಕೆಲವು ಮಾತು. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗೆ ಕೊಡಬೇಡಿ, ಕೊಳ್ಳುವವರ ಹೆಸರು, ದಿನಾಂಕ ತುಂಬಿಸಿಯೇ ಕೊಡಿ. ಕೀಲಿ ಕೊಟ್ಟ ದಿನ ಮತ್ತು ಗಂಟೆ ಬರೆದ ರಸೀದಿಗೆ ಅವರ ಸಹಿ ಪಡೆಯಿರಿ, ಆಧಾರ್ ಪ್ರತಿ ಇಟ್ಟುಕೊಳ್ಳಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತವಾದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿ, ಇಲ್ಲವಾದರೆ ಹೊಸ ಮಾಲೀಕರು ಹೆಬ್ಬಾಳು ದಾಟಿದಾಗಲೆಲ್ಲ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ.